ಚಿಪ್ಪಿನ ಗುಡ್ಡ ಯಾರದ್ದು?

ಪ್ರಶ್ನೆ: ಮಗ ಅಮೆರಿಕದ ಫ್ಲೋರಿಡಾದಲ್ಲಿದ್ದಾನೆ. ಹೋದಾಗ ದೋಣಿಯಲ್ಲಿ ಮೌಂಡ್ ಕೀ ಎಂಬ ದ್ವೀಪ ತೋರಿಸಿದ. ಗುಡ್ಡಕ್ಕೆ ಗುಡ್ಡವೇ ಚಿಪ್ಪು! ಕಟ್ಟಿದವರು ಯಾರು? ಅಲ್ಲಿ ಕ್ಯಾಸಿನೋ ನಡೆಸುವ ಸೆಮಿನೋಲ್ ಜನರೇ ಅವರಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ಮಲ್ಪೆಯವರೇ ಕೇಳಬೇಕಾದ ಪ್ರಶ್ನೆ! ಗುಡ್ಡ ಕಲೂಸಾ ಜನರದ್ದು. ಗದ್ದೆ ಬೇಸಾಯ ಇಲ್ಲದೆ ರಾಜ್ಯ ಕಟ್ಟಿದವರು ಅವರು. ರಾಜ, ಸೈನಿಕರು, ಕಪ್ಪ ಕೊಡುವ ಊರುಗಳು, ಎಲ್ಲವೂ ನಡೆದದ್ದು ಮೀನಿನ ಬಲದಲ್ಲಿ. ತಾಳೆ ಜಾತಿಯ ಮರದ ನಾರಿನಿಂದ ಬಲೆ ಹೆಣೆದು, ತೂತು ಮಾಡಿದ ಚಿಪ್ಪನ್ನೇ ಭಾರಕ್ಕೆ ಕಟ್ಟುತ್ತಿದ್ದರು. ಹಿಡಿದ ಮೀನನ್ನು ಜೀವಂತ ಇಡಲು ಚಿಪ್ಪಿನ ದಂಡೆ ಹಾಕಿ ದೊಡ್ಡ ಕೊಳ ಮಾಡಿದ್ದರು. ನೀವು ಹೋದ ದ್ವೀಪದಲ್ಲೇ ಅದರ ಗುರುತು ಇದೆ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡಿದರು. ಅವರು ಸುಮಾರು 30 ಅಡಿ ಎತ್ತರಕ್ಕೆ ಪೇರಿಸಿ, ಮೇಲೆ ರಾಜನ ಮನೆ ಕಟ್ಟಿದರು.

ಸ್ಪೇನಿನ ಪೊನ್ಸೆ ದೆ ಲಿಯೋನ್ 1513ರಲ್ಲಿ ಬಂದು ಫ್ಲೋರಿಡಾ ಎಂದು ಹೆಸರಿಟ್ಟ. 1521ರಲ್ಲಿ ನೆಲೆಯೂರಲು ಜನರನ್ನೇ ಕರೆದುಕೊಂಡು ಬಂದ. ಕಲೂಸಾದವರ ಬಾಣ ತಾಗಿ ಕ್ಯೂಬಾಕ್ಕೆ ಓಡಿ ಅಲ್ಲೇ ಸತ್ತ. 1566ರಲ್ಲಿ ಬಂದ ಸ್ಪೇನಿನ ಮೆನೆಂಡೆಸ್ ಜಾಣ, ಕಲೂಸಾ ರಾಜ ಕಾರ್ಲೋಸನ ಅಕ್ಕನನ್ನೇ ಮದುವೆಯಾದ. ಊರಲ್ಲಿ ಹೆಂಡತಿ ಇದ್ದಳು, ಅದು ಬೇರೆ ಮಾತು! ದ್ವೀಪದಲ್ಲಿ ಕೋಟೆ ಎದ್ದಿತು, ಜೆಸ್ವಿಟ್ ಪಾದ್ರಿಗಳೂ ಬಂದರು. ಮರುವರ್ಷವೇ ಸ್ಪೇನಿನವರು ಕಾರ್ಲೋಸನನ್ನು ಕೊಂದರು. ಇಷ್ಟಾದರೂ 1569ಕ್ಕೆ ಕೋಟೆ ಬಿಟ್ಟು ಹೋಗಬೇಕಾಯಿತು. ಇತ್ತ 1568ರಲ್ಲಿ ಪೋರ್ಚುಗೀಸರು ಮಂಗಳೂರಲ್ಲಿ ಕೋಟೆ ಕಟ್ಟುತ್ತಿದ್ದರು.

ಹಾಗಾದರೆ ಕಲೂಸಾದವರು ಎಲ್ಲಿ ಹೋದರು? ಸ್ಪೇನಿನ ಕತ್ತಿಗಿಂತ ಜಾಸ್ತಿ ಕೊಂದದ್ದು ಹೊರಗಿಂದ ಬಂದ ಕಾಯಿಲೆ. ಆಮೇಲೆ 1700ರ ಆಸುಪಾಸಿನಲ್ಲಿ ಕೆರೊಲೈನಾದ ಇಂಗ್ಲಿಷರಿಂದ ಕೋವಿ ಪಡೆದ ಉತ್ತರದ ಬುಡಕಟ್ಟಿನವರು ಬಂದು ಜನರನ್ನು ಹಿಡಿದು ಗುಲಾಮರಾಗಿ ಮಾರಿದರು. ಕಲೂಸಾದವರ ಹತ್ತಿರ ಇದ್ದದ್ದು ಬಿಲ್ಲು ಬಾಣ. 1711ರಲ್ಲಿ ಅವರ ನಾಯಕರೂ ಸೇರಿ ದಕ್ಷಿಣ ಫ್ಲೋರಿಡಾದ ಸುಮಾರು 270 ಮಂದಿ ಹವಾನಾಕ್ಕೆ ಹೋದರು. ಅಲ್ಲೂ ಹೆಚ್ಚಿನವರನ್ನು ಕಾಯಿಲೆಯೇ ತೆಗೆದುಕೊಂಡಿತು.

ಸೆಮಿನೋಲರ ಕಥೆ ಬೇರೆ. ಅವರ ಹಿರಿಯರಲ್ಲಿ ಹೆಚ್ಚಿನವರು ಜಾರ್ಜಿಯಾ, ಅಲಬಾಮಾ ಕಡೆಯ ಕ್ರೀಕ್ ಜನ. 18ನೇ ಶತಮಾನದಲ್ಲಿ, ಖಾಲಿಯಾದ ನೆಲಕ್ಕೆ ಇಳಿದು ಬಂದವರು. ಆಮೇಲೆ ಅಮೆರಿಕ ಸರ್ಕಾರ ಅವರನ್ನೂ ಓಡಿಸಲು ಮೂರು ಯುದ್ಧ ಮಾಡಿತು. ಜೌಗು ಕಾಡಲ್ಲಿ ಅಡಗಿ ಉಳಿದ ಕೆಲವರ ಮಕ್ಕಳು ಮೊಮ್ಮಕ್ಕಳೇ ಇವತ್ತು ಆ ಕ್ಯಾಸಿನೋ ನಡೆಸುತ್ತಿರುವವರು.