ಬೆಳಗ್ಗೆ ಮಾತ್ರ ಸೆಲ್ಫ್ ನಿಧಾನವಾಗಿ ತಿರುಗುತ್ತೆ, ಬ್ಯಾಟರಿ ಹೋಗ್ತಾ ಇದೆಯಾ?

ಕಾರಿಗೆ ನಾಲ್ಕು ವರ್ಷ ಆಗಿದೆ, ಹೊಸದರಲ್ಲಿ ಬಂದ ಬ್ಯಾಟರಿಯೇ ಇನ್ನೂ ಇದೆ, ಬೆಳಗ್ಗೆ ಮೊದಲ ಸಲ ಸೆಲ್ಫ್ ನಿಧಾನವಾಗಿ ತಿರುಗುತ್ತೆ, ಆಮೇಲೆ ದಿನವೆಲ್ಲಾ ಸರಿಯಾಗೇ ಇರುತ್ತೆ ಅಂದಿದ್ದೀರಿ. ಹಾರ್ನ್, ಲೈಟು ಚೆನ್ನಾಗಿವೆ, ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪವೂ ಹತ್ತಿಲ್ಲ, ಹಾಗಾಗಿ ಬ್ಯಾಟರಿ ಸರಿ ಇದೆ ಅಂದುಕೊಳ್ಳಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ಅಂದುಕೊಳ್ಳಬೇಡಿ. ಆ ಕೆಂಪು ದೀಪ ಬ್ಯಾಟರಿಯ ಆರೋಗ್ಯ ಹೇಳೋದೇ ಇಲ್ಲ. ಎಂಜಿನ್ ಓಡ್ತಿರುವಾಗ ಅದು ಹತ್ತಿದರೆ ಚಾರ್ಜಿಂಗ್ ನಿಂತಿದೆ ಅಂತ ಅರ್ಥ: ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಅದರ ಬೆಲ್ಟ್ ಅಥವಾ ವೈರಿಂಗ್ ಕೈಕೊಟ್ಟಿರುತ್ತೆ. ಬ್ಯಾಟರಿ ಪೂರ್ತಿ ಮುದಿಯಾಗಿದ್ದರೂ ಆ ದೀಪ ಸುಮ್ಮನೆ ಇರಬಹುದು. ದೀಪಕ್ಕೆ ಬ್ಯಾಟರಿ ಚಿತ್ರ ಹಾಕಿದವರು ಎಷ್ಟು ಜನರ ದಾರಿ ತಪ್ಪಿಸಿದ್ದಾರೋ! ಹಾರ್ನು, ಹೆಡ್‌ಲೈಟಿನ ಸಾಕ್ಷಿಯೂ ನಡೆಯಲ್ಲ. ಅವಕ್ಕೆ ಬೇಕಿರೋದು ಕೆಲವೇ ಆಂಪಿಯರ್. ಸ್ಟಾರ್ಟರ್ ಮೋಟಾರು ಒಂದೇ ಏಟಿಗೆ ನೂರು, ಇನ್ನೂರು ಆಂಪಿಯರ್ ಕೇಳುತ್ತೆ. ಬ್ಯಾಟರಿಯ ದೌರ್ಬಲ್ಯ ಮೊದಲು ಗೊತ್ತಾಗೋದು ಅಲ್ಲೇ.

ನಿಮ್ಮ ಕಿವಿಗೆ ಬಿದ್ದಿರೋದೇ ಎಲ್ಲಕ್ಕಿಂತ ಮೊದಲ ಲಕ್ಷಣ. ರಾತ್ರಿಯೆಲ್ಲಾ ನಿಂತ ಬ್ಯಾಟರಿ ಸ್ವಲ್ಪ ಇಳಿದಿರುತ್ತೆ, ತಣ್ಣಗಿರುವಾಗ ಒಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತೆ, ಅದರ ಜೊತೆಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸೋಕೆ ಹೆಚ್ಚು ಬಲ ಬೇಕಾಗುತ್ತೆ. ಮಧ್ಯಾಹ್ನದ ಹೊತ್ತಿಗೆ ಈ ಮೂರೂ ನಿಮ್ಮ ಪರವಾಗಿರುತ್ತವೆ, ಅದಕ್ಕೇ ಎಲ್ಲಾ ಸರಿ ಇದ್ದ ಹಾಗೆ ಕಾಣುತ್ತೆ. ತಮಾಷೆ ಅಂದ್ರೆ ಬ್ಯಾಟರಿಯನ್ನು ನಿಜವಾಗಿ ತಿನ್ನೋದು ಬಿಸಿ. ಬಾನೆಟ್ ಒಳಗಿನ ಶಾಖದಲ್ಲಿ ಸವೆದದ್ದು ಚಳಿ ಬಂದಾಗ ಬಯಲಾಗುತ್ತೆ, ಬೈಗುಳ ಚಳಿಗೆ ಸಿಗುತ್ತೆ.

ಇದಾದ ಮೇಲಿನ ಹಂತ 'ಟಕಟಕಟಕ' ಸದ್ದು. ಸ್ಟಾರ್ಟರಿನ ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು) ಕಚ್ಚಿಕೊಂಡ ಕೂಡಲೇ ಮೋಟಾರು ಕರೆಂಟ್ ಎಳೆಯುತ್ತೆ, ವೋಲ್ಟೇಜ್ ಕುಸಿಯುತ್ತೆ, ಸೊಲೆನಾಯ್ಡ್ ಬಿಟ್ಟುಬಿಡುತ್ತೆ, ವೋಲ್ಟೇಜ್ ಏರುತ್ತೆ, ಮತ್ತೆ ಕಚ್ಚುತ್ತೆ. ಆ ಹೊತ್ತಿಗೆ ಒಳಗಿನ ಲೈಟು ಪೂರ್ತಿ ಮಂಕಾದರೆ ಅನುಮಾನ ಬ್ಯಾಟರಿ ಅಥವಾ ಅದಕ್ಕೆ ವೈರ್ ಸೇರುವ ಟರ್ಮಿನಲ್ ಮೇಲೆ. ಒಂದೇ ಒಂದು 'ಟಕ್' ಅಂತ ಬಂದು, ಲೈಟು ಕಿಂಚಿತ್ತೂ ಮಂಕಾಗದಿದ್ದರೆ ಸ್ಟಾರ್ಟರನ್ನೇ ನೋಡಬೇಕು.

ಆದರೆ ಇಷ್ಟು ಓದಿ ಹೊಸ ಬ್ಯಾಟರಿ ತರೋಕೆ ಹೊರಡಬೇಡಿ. ನಾನು ಹಾಗೇ ಹೊರಟು ಮೂರ್ಖನಾದವನು. ಹಳೆಯದನ್ನು ಬದಲಿಗೆ ಕೊಟ್ಟು ಹೊಸದು ಹಾಕಿಸಿದ ಎರಡು ವಾರಕ್ಕೆ ಮತ್ತದೇ ನರಳಾಟ. ಕೊನೆಗೆ ನೋಡಿದರೆ ಬ್ಯಾಟರಿಗೆ ವೈರ್ ಕಚ್ಚಿಸುವ ನೆಗೆಟಿವ್ ಕ್ಲ್ಯಾಂಪು ಕೈಯಲ್ಲೇ ತಿರುಗುತ್ತಿತ್ತು, ಅದರೊಳಗೆ ಬಿಳಿ ಪುಡಿ ಕೂತಿತ್ತು. ಬ್ಯಾಟರಿ ಬದಲಾಯಿಸುವಾಗ ಅದನ್ನು ಉಜ್ಜಿ ಬಿಗಿ ಮಾಡಬೇಕು ಅಂತ ಅಂಗಡಿಯವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಹಳೆಯ ಬ್ಯಾಟರಿ ಚೆನ್ನಾಗಿಯೇ ಇತ್ತೇನೋ, ಈಗ ಕೇಳೋಕೆ ಅದು ಎಲ್ಲಿದೆ!

ಹಾಗಾಗಿ ಮೊದಲು ಬಾನೆಟ್ ಎತ್ತಿ ಎರಡೂ ಕ್ಲ್ಯಾಂಪ್ ಹಿಡಿದು ಅಲ್ಲಾಡಿಸಿ. ಬಿಳಿ ಅಥವಾ ಹಸಿರು ನೀಲಿ ಪುಡಿ ಇದ್ದರೆ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ಬ್ರಷ್ ಹಾಕಿ ಉಜ್ಜಿ, ಒರೆಸಿ, ಬಿಗಿ ಮಾಡಿ. ಪುಡಿಯಲ್ಲಿ ಆಸಿಡ್ ಅಂಶ ಇರುತ್ತೆ, ಕೈಗೆ ಗ್ಲೌಸ್ ಇರಲಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಇಲ್ಲದಿದ್ದರೆ ಪಾಸಿಟಿವ್ ಮೇಲಿರುವ ಸ್ಪ್ಯಾನರ್ ಬಾಡಿಗೆ ತಾಗಿದ ಕ್ಷಣ ಕಿಡಿ ಹಾರುತ್ತೆ.

ಆಮೇಲೆ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಸಾಕು, ಅಗ್ಗದ್ದಾದರೂ ಪರವಾಗಿಲ್ಲ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಬಹುತೇಕ ಖಾಲಿ. 10.5ರ ಆಸುಪಾಸು ತೋರಿಸಿ, ಚಾರ್ಜ್ ಮಾಡಿದರೂ ಮೇಲೇಳದಿದ್ದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ ಅಂತಲೇ ಲೆಕ್ಕ, ಒಂದೊಂದು ಸೆಲ್‌ಗೆ 2.1 ವೋಲ್ಟ್ ತಾನೇ.

ಬಹಳ ಜನ ಈ ಅಳತೆಗೇ ನಿಲ್ಲಿಸ್ತಾರೆ, ತಪ್ಪಾಗೋದು ಇಲ್ಲೇ. ಹಳೆಯ ಬ್ಯಾಟರಿ ಸುಮ್ಮನಿದ್ದಾಗ 12.5 ತೋರಿಸಿ, ಕೆಲಸ ಹೇಳಿದ ತಕ್ಷಣ ಕುಸಿದು ಕೂರಬಹುದು. ಚಾರ್ಜ್ ಇಳಿದಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ. ತಡ ಮಾಡದೆ ಚಾರ್ಜ್ ಮಾಡಿದರೆ ಕರಗುತ್ತೆ. ಅರೆಬರೆ ಚಾರ್ಜಿನಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಪ್ಲೇಟಿನ ಅಷ್ಟು ಜಾಗ ಕೆಲಸಕ್ಕೆ ಬಾರದ ಹಾಗಾಗುತ್ತೆ. ಐದೈದು ನಿಮಿಷದ ಓಡಾಟಕ್ಕೇ ಕಾರು ಬಳಸುವವರ ಬ್ಯಾಟರಿ ಬೇಗ ಹೋಗೋದು ಹೀಗೆ. ಅದಕ್ಕೆ ಯಾರನ್ನಾದರೂ ಸ್ಟಾರ್ಟ್ ಮಾಡೋಕೆ ಕೂರಿಸಿ, ಸೆಲ್ಫ್ ತಿರುಗುವಾಗ ಮೀಟರ್ ಎಲ್ಲಿಗೆ ಇಳಿಯುತ್ತೆ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ, ಕೊರೆಯುವ ಚಳಿ ಇಲ್ಲದ ದಿನ, 9.6ಕ್ಕಿಂತ ಕೆಳಗೆ ಹೋದರೆ ಅದರ ಕಾಲ ಮುಗಿಯಿತು. ಇನ್ನೊಂದು ಸಣ್ಣ ಉಪಾಯ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದು ಅದೇ ಕಡೆಯ ಕ್ಲ್ಯಾಂಪಿನ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಹತ್ತಿರತ್ತಿರ ಸೊನ್ನೆ ಬರಬೇಕು. ಅರ್ಧ ವೋಲ್ಟ್ ತೋರಿಸಿದರೆ ನನ್ನ ಕಥೆಯೇ ನಿಮ್ಮದೂ.

ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಬರಬೇಕು. ಕೆಲವು ಹೊಸ ಕಾರುಗಳು ಇಂಧನ ಉಳಿಸೋಕೆ ಚಾರ್ಜಿಂಗನ್ನು ಏರಿಳಿಸುತ್ತವೆ, ಅವುಗಳಲ್ಲಿ ಒಂದೇ ಅಳತೆ ನಂಬಬೇಡಿ. 12ರ ಹತ್ತಿರವೇ ನಿಂತು ಇಳಿಯುತ್ತಾ ಹೋದರೆ ಚಾರ್ಜಿಂಗೇ ಆಗ್ತಿಲ್ಲ, ಎಷ್ಟು ಹೊಸ ಬ್ಯಾಟರಿ ಹಾಕಿದರೂ ವ್ಯರ್ಥ.

ಮೂರೂ ಅಳತೆ ಸರಿ ಇದ್ದು, ಎರಡು ದಿನ ನಿಲ್ಲಿಸಿದ ಮೇಲಷ್ಟೇ ತೊಂದರೆ ಆದರೆ ಏನೋ ಬ್ಯಾಟರಿಯ ಕರೆಂಟನ್ನು ಕದ್ದು ಕುಡಿಯುತ್ತಿದೆ. ಆಮೇಲೆ ಹಾಕಿಸಿದ ಕ್ಯಾಮೆರಾ, ಆರದ ಡಿಕ್ಕಿ ಲೈಟು, ಇಂಥವು. ನಿಂತ ಕಾರು 50 ಮಿಲಿ ಆಂಪಿಯರ್‌ವರೆಗೆ ಎಳೆದರೆ ಸಾಮಾನ್ಯ. ಲಾಕ್ ಮಾಡಿದ ಮೇಲೆ ಒಳಗಿನ ಕಂಪ್ಯೂಟರ್‌ಗಳು ಮಲಗೋಕೆ ಅರ್ಧ ಗಂಟೆಯಾದರೂ ಕೊಟ್ಟು ಅಳೆಯಿರಿ.

ಅಳತೆಯೇ ಬೇಡದ ಲಕ್ಷಣಗಳೂ ಇವೆ. ಡಬ್ಬ ಉಬ್ಬಿದ್ದರೆ, ಸೀಳಿ ಸೋರುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಜಂಪ್ ಸ್ಟಾರ್ಟ್ (ಇನ್ನೊಂದು ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡೋದು) ಕೂಡ ಮಾಡಬೇಡಿ, ಹತ್ತಿರ ಬೆಂಕಿ ತರಬೇಡಿ, ಬದಲಾಯಿಸಿಬಿಡಿ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಸ್ಟಾರ್ಟ್ ಸ್ಟಾಪ್ ಇರುವ ಕಾರಾದರೆ ಆ ಸೌಲಭ್ಯ ತಿಂಗಳುಗಳಿಂದ ಕೆಲಸ ಮಾಡದಿರುವುದೂ ಒಂದು ಸೂಚನೆ. ಅಂಥ ಕಾರಿಗೆ ಮೊದಲಿದ್ದ ಬಗೆಯದೇ, ಎಜಿಎಂ ಇದ್ದರೆ ಎಜಿಎಂ, ಇಎಫ್‌ಬಿ ಇದ್ದರೆ ಕನಿಷ್ಠ ಅದೇ ಹಾಕಿಸಿ (ಎರಡೂ ಪದೇ ಪದೇ ಸ್ಟಾರ್ಟ್ ಆಗೋದನ್ನು ತಡೆಯುವ ಬ್ಯಾಟರಿ ಬಗೆಗಳು).

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಬ್ಯಾಟರಿ ಮೇಲೇ, ಮೂರರಿಂದ ಐದು ವರ್ಷವೇ ಅದರ ಆಯಸ್ಸು. ಆದರೂ ನಾಳೆ ಬೆಳಗ್ಗೆ ಕ್ಲ್ಯಾಂಪ್ ಬಿಗಿ ಮಾಡಿ ಮೂರು ಅಂಕಿ ತೆಗೆಯಿರಿ: ನಿಂತಾಗ, ಸೆಲ್ಫ್ ಹೊಡೆಯುವಾಗ, ಎಂಜಿನ್ ಓಡುವಾಗ. ಇಲ್ಲೇ ಕೆಳಗೆ ಬರೆದರೆ ನೋಡಿ ಹೇಳ್ತೀನಿ. ಕಾರು ಆಟೋಮ್ಯಾಟಿಕ್ಕೋ ಮ್ಯಾನುಯಲ್ಲೋ ಅನ್ನೋದನ್ನೂ ತಿಳಿಸಿ. ಆಟೋಮ್ಯಾಟಿಕ್ ಆದರೆ ತಳ್ಳಿ ಸ್ಟಾರ್ಟ್ ಮಾಡೋಕೆ ಆಗಲ್ಲ, ಅಲ್ಲಿಯವರೆಗೆ ಜಂಪ್ ಕೇಬಲ್ ಡಿಕ್ಕಿಯಲ್ಲಿರಲಿ.