ಬಿಳಿ ವೈನಿಗೂ ವಯಸ್ಸಿನ ಸೊಗಸುಂಟೇ?

ಪ್ರಶ್ನೆ: ಫ್ರಾನ್ಸಿನಲ್ಲಿರುವ ನನ್ನ ತಂಗಿ ಕಳೆದ ತಿಂಗಳು ಊರಿಗೆ ಬಂದಾಗ 2012ರ ಫಸಲಿನ ಮ್ಯುರ್ಸೋ ಎಂಬ ಶಾರ್ಡೊನೇ ವೈನಿನ ಬಾಟಲಿಯೊಂದನ್ನು ತಂದುಕೊಟ್ಟಿದ್ದಾಳೆ. ಬಿಳಿ ವೈನನ್ನು ಹೆಚ್ಚು ದಿನ ಇಡಬಾರದೆಂದು ಕೇಳಿದ್ದೇನೆ. ಇದರ ಬಣ್ಣ ಗಾಢ ಹಳದಿಗೆ ತಿರುಗಿದೆ, ತಳದಲ್ಲಿ ಸಣ್ಣ ಹರಳುಗಳೂ ಇವೆ. ಇದು ಕೆಟ್ಟಿರಬಹುದೇ? (ಓದುಗರು, ಮೈಸೂರು)

ಉತ್ತರ: ನೀವು ಕೇಳಿರುವ ಮಾತು ಬಹುಪಾಲು ಬಿಳಿ ವೈನುಗಳ ಮಟ್ಟಿಗೆ ನಿಜ, ಅವನ್ನು ಎರಡು ಮೂರು ವರ್ಷಗಳೊಳಗೆ ಕುಡಿಯುವುದೇ ಲೇಸು. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಉತ್ತಮ ಶಾರ್ಡೊನೇಗಳು ಈ ಮಾತಿಗೆ ಹೊರತು. ಶಾರ್ಡೊನೇ ದ್ರಾಕ್ಷಿಗೆ ತನ್ನದೇ ಆದ ಗಾಢ ಪರಿಮಳವಿಲ್ಲ; ಮಣ್ಣು, ಹವೆ ಮತ್ತು ತಯಾರಕನ ಕೈಗುಣಗಳಿಂದ ಅದು ರೂಪ ಪಡೆಯುತ್ತದೆ. ಬರ್ಗಂಡಿಯ ಊರಾದ ಮ್ಯುರ್ಸೋದ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ, ತಂಪು ಹವೆಯಲ್ಲಿ ನಿಧಾನವಾಗಿ ಮಾಗಿದ ಹಣ್ಣು ಹುಳಿಯನ್ನು ಉಳಿಸಿಕೊಳ್ಳುತ್ತದೆ. ಅದರ ರಸವನ್ನು ಸಾಮಾನ್ಯವಾಗಿ 228 ಲೀಟರಿನ ಓಕ್ ಪೀಪಾಯಿಗಳಲ್ಲಿ ಹುದುಗಿಸಿ, ತಳಕ್ಕೆ ಇಳಿದ ಯೀಸ್ಟಿನ ಮೇಲೆಯೇ ತಿಂಗಳುಗಟ್ಟಲೆ ಬಿಡುತ್ತಾರೆ. ಆ ಯೀಸ್ಟು ಆಮ್ಲಜನಕವನ್ನು ಹೀರಿಕೊಂಡು ವೈನನ್ನು ಕಾಪಾಡುವುದಲ್ಲದೆ ಅದಕ್ಕೆ ಮೈಯನ್ನೂ, ಅಂದರೆ ಬಾಯಿ ತುಂಬುವ ದಪ್ಪವನ್ನೂ, ಕೊಡುತ್ತದೆ.

ಬಾಟಲಿಯೊಳಗೆ ವರ್ಷಗಳು ಕಳೆದಂತೆ ನಿಂಬೆ, ಹಸಿರು ಸೇಬುಗಳ ಎಳೆಯ ವಾಸನೆ ಹಿಂದೆ ಸರಿದು ಹೇಜಲ್‌ನಟ್, ಜೇನುಮೇಣ, ಸುಟ್ಟ ಬ್ರೆಡ್ಡು, ಕೆಲವೊಮ್ಮೆ ಅಣಬೆಯ ವಾಸನೆಗಳು ಮೂಡುತ್ತವೆ. ಮೂಗಿಗೆ ಜೇನಿನ ಸೂಚನೆ ಸಿಕ್ಕಿದ್ದರೂ ಬಾಯಿಗೆ ಇಟ್ಟಾಗ ವೈನಿನಲ್ಲಿ ಸಿಹಿ ಇರುವುದಿಲ್ಲ. ಮೊದಲು ಬೆಣ್ಣೆಯ ನುಣುಪು, ಅದರ ನಡುವಿನಿಂದ ನಾಲಿಗೆಯ ಎರಡೂ ಅಂಚುಗಳಲ್ಲಿ ನೀರೂರಿಸುವ ಹುಳಿ, ನುಂಗಿದ ಮೇಲೂ ಬಹಳ ಹೊತ್ತು ನಿಲ್ಲುವ ಬೀಜದ ರುಚಿ. ಮಾಗಿದ ಮೈಯೂ ಎಳೆಯ ಹುಳಿಯೂ ಒಂದೇ ಗುಟುಕಿನಲ್ಲಿ ಹೀಗೆ ಕೂಡಿರುವುದೇ ನನ್ನ ದೃಷ್ಟಿಯಲ್ಲಿ ಹಳೆಯ ಶಾರ್ಡೊನೇಯ ದೊಡ್ಡ ಆಕರ್ಷಣೆ.

ಬಂಗಾರದ ಬಣ್ಣ, ಅದರಲ್ಲಿ ಹೊಳಪಿದ್ದರೆ, ಆತಂಕಕ್ಕೆ ಕಾರಣವಲ್ಲ. ಬಣ್ಣ ಕಂದಾಗಿ ಮಂಕಾಗಿದ್ದು, ಕತ್ತರಿಸಿಟ್ಟ ಸೇಬಿನ ವಾಸನೆ ಬಂದು, ರುಚಿ ಚಪ್ಪಟೆಯಾಗಿದ್ದರೆ ಮಾತ್ರ ಗಾಳಿ ತಗುಲಿ ಕೆಟ್ಟಿದೆ ಎನ್ನಬೇಕು. 1990ರ ದಶಕದ ನಡುವಿನ ಫಸಲುಗಳಿಂದೀಚೆಗೆ ಬರ್ಗಂಡಿಯ ಹೆಸರಾಂತ ಬಿಳಿ ವೈನುಗಳೂ ಅಕಾಲದಲ್ಲಿ ಹೀಗಾದದ್ದುಂಟು. ಬಿರಡೆ, ಹಣ್ಣು ಹಿಂಡುವ ಕ್ರಮ, ವೈನು ಕೆಡದಂತೆ ಬೆರೆಸುವ ಗಂಧಕದ ಪ್ರಮಾಣ ಎಲ್ಲದರ ಮೇಲೂ ಅನುಮಾನವಿದೆ. ಒಂದೇ ಪೆಟ್ಟಿಗೆಯ ಎರಡು ಬಾಟಲಿಗಳು ಬೇರೆಬೇರೆ ಗತಿ ಕಂಡಿರಬಹುದಾದ್ದರಿಂದ ತೆರೆಯದೆ ತೀರ್ಪು ಕೊಡಲಾಗದು. ಹರಳುಗಳು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದವು, ನಿರಪಾಯಕಾರಿ. ಒಂದು ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಬಗ್ಗಿಸಿದರೆ ಸಾಕು.

ಫ್ರಿಜ್ಜಿನ ಕೊರೆಯುವ ತಂಪಿನಲ್ಲಿ ಈ ಪರಿಮಳಗಳು ಮುದುಡಿಬಿಡುತ್ತವೆ. ಬಡಿಸುವ ಅರ್ಧ ಗಂಟೆ ಮೊದಲೇ ಹೊರತೆಗೆದು, 12ರಿಂದ 14 ಡಿಗ್ರಿಯಲ್ಲಿ, ಅಗಲವಾದ ಗ್ಲಾಸಿನಲ್ಲಿ ಸುರಿದುಕೊಳ್ಳಿ. ಬೆಣ್ಣೆಯಲ್ಲಿ ಹುರಿದ ಸಿಗಡಿ, ಅಣಬೆ, ಖಾರವಿಲ್ಲದ ಕೋಳಿ ಇದಕ್ಕೆ ಒಪ್ಪುತ್ತವೆ. ಹುಣಸೆ ಮತ್ತು ಬ್ಯಾಡಗಿಯ ಸಾರಿನ ಮುಂದೆ ಇದರ ಸೂಕ್ಷ್ಮವೆಲ್ಲ ಮುಳುಗಿಹೋಗುತ್ತದೆ. ನಮ್ಮ ಬೇಸಗೆಯ ಸೆಕೆ ವೈನಿನ ಶತ್ರು, ಆದ್ದರಿಂದ ಇನ್ನು ಕಾಯದೆ ತೆರೆಯಿರಿ.

ಪ್ರಶ್ನೆ: 1976ರಲ್ಲಿ ಪ್ಯಾರಿಸ್ಸಿನ ಕುರುಡು (ಹೆಸರು ಮರೆಮಾಡಿ ನಡೆಸಿದ) ರುಚಿಪರೀಕ್ಷೆಯಲ್ಲಿ ಕ್ಯಾಲಿಫೋರ್ನಿಯಾದ ಶಾರ್ಡೊನೇ ಬರ್ಗಂಡಿಯನ್ನು ಸೋಲಿಸಿತಂತೆ. ಹಾಗಾದರೆ ಬರ್ಗಂಡಿಯ ಹೆಚ್ಚುಗಾರಿಕೆ ಏನುಳಿಯಿತು? (ಓದುಗರು, ಧಾರವಾಡ)

ಉತ್ತರ: ಸೋಲಿಸಿದ್ದು ನಿಜ. ಕ್ಯಾಲಿಫೋರ್ನಿಯಾದ ಷಾಟೋ ಮೊಂಟೆಲೀನಾ ಎಂಬ ತಯಾರಕರ 1973ರ ವೈನು ಮೊದಲನೆಯದಾಯಿತು, ಮ್ಯುರ್ಸೋದ ಒಂದು ವೈನು ಎರಡನೆಯದು. ಆದರೆ ಅಂದು ಮೇಜಿನ ಮೇಲಿದ್ದ ಬಿಳಿ ವೈನುಗಳೆಲ್ಲ 1972ರಿಂದ 1974ರವರೆಗಿನ ಫಸಲುಗಳವು. ಎಳೆಯ ವೈನುಗಳಲ್ಲಿ ಯಾವುದು ಮೇಲು ಎಂಬುದಕ್ಕೆ ಆ ಪರೀಕ್ಷೆ ಉತ್ತರ ಕೊಟ್ಟಿತು. ಹತ್ತು ಹನ್ನೆರಡು ವರ್ಷಗಳ ಬಳಿಕ ಅವು ಹೇಗಿರುತ್ತವೆ ಎಂಬುದು ಅಲ್ಲಿ ವಿಚಾರಕ್ಕೇ ಬರಲಿಲ್ಲ.