ಇಟಲಿಯ ಫ್ಲಾರೆನ್ಸ್ ನಗರದ ಮೆಡಿಚಿ ಮನೆತನದ ಲಾಂಛನದಲ್ಲಿ ಐದು ಗುಂಡು ಕೆಂಪು, ಒಂದು ಮಾತ್ರ ನೀಲಿ. ಯಾಕೆ?

ಆ ನೀಲಿ ಗುಂಡು ಫ್ರಾನ್ಸಿನ ರಾಜ ಕೊಟ್ಟ ಗೌರವ. 1465ರಲ್ಲಿ ಹನ್ನೊಂದನೇ ಲೂಯಿ ತನ್ನ ರಾಜಲಾಂಛನವನ್ನೇ, ಅಂದರೆ ನೀಲಿ ಮೇಲಿನ ಮೂರು ಚಿನ್ನದ ಲಿಲಿ ಹೂಗಳನ್ನು, ಬಳಸಲು ಫ್ಲಾರೆನ್ಸಿನ ಪಿಯೆರೊ ಮೆಡಿಚಿಗೆ ಅನುಮತಿ ಕೊಟ್ಟ. ಮೆಡಿಚಿಗಳು ಬ್ಯಾಂಕ್ ನಡೆಸುತ್ತಿದ್ದವರು, ದುಡ್ಡು ಬೇಕಾದಷ್ಟಿತ್ತು, ರಾಜರಕ್ತ ಇರಲಿಲ್ಲ. ರಾಜನ ನಂಟು ಊರಿಗೆಲ್ಲ ಕಾಣಲು ಲಾಂಛನಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಓದು ಬರದವರಿಗೂ ಅದು ಅರ್ಥವಾಗುತ್ತಿತ್ತು.

ಕೆಂಪು ಗುಂಡುಗಳನ್ನು ಕೆಲವರು ಔಷಧದ ಮಾತ್ರೆ ಅನ್ನುತ್ತಾರೆ, ಕೆಲವರು ನಾಣ್ಯ ಅನ್ನುತ್ತಾರೆ. ನನಗೆ ನಾಣ್ಯವೇ ಸರಿ ಅನ್ನಿಸುತ್ತದೆ. ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘದ ಲಾಂಛನ ಕೆಂಪು ಮೇಲೆ ಚಿನ್ನದ ನಾಣ್ಯಗಳು. ಮೆಡಿಚಿಗಳದ್ದು ಅದೇ ಬಣ್ಣ, ಅದಲುಬದಲು ಅಷ್ಟೇ. ಗುಂಡುಗಳ ಲೆಕ್ಕವೂ ಮೊದಲು ಜಾಸ್ತಿ ಇತ್ತು, ಆಮೇಲೆ ಆರಕ್ಕೆ ನಿಂತಿತು.